ಬಂಪರಿನ ಬಲಗಡೆಯ ಮುಚ್ಚಳ

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿ ಬಂದವಳು. ಮಗಳು ಶಾಲೆಯಿಂದ ಬರುವುದು ಐದು ನಿಮಿಷ ತಡವಾದರೆ ಬೀದಿಯ ತುದಿಗೆ ಹೋಗಿ ನಿಲ್ಲುವವಳು. ಇಂಥವಳು ಕಾರು ಓಡಿಸುವುದನ್ನು ಹೇಗೆ ಕಲಿತೆ ಎಂದು ಕೇಳಿದವರಿಗೆಲ್ಲ, ಹೆದರಿಕೊಂಡೇ ಕಲಿತೆ ಎಂದಿದ್ದೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಾಗಿನ ಮಾತು ಇದು. ಚಳ್ಳಕೆರೆಯಲ್ಲಿ ನಮ್ಮದು ಎಣ್ಣೆ ಮಿಲ್ಲಿನ ಮನೆ. ಅತ್ತೆ ತೀರಿಕೊಂಡಿದ್ದರು. ಗಂಡ ವ್ಯಾಪಾರವೆಂದು ವಾರದಲ್ಲಿ ನಾಲ್ಕು ದಿನ ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ಇರುತ್ತಿದ್ದರು. ಮಿಲ್ಲನ್ನೂ ಮನೆಯನ್ನೂ ಮಾವ ನೋಡಿಕೊಳ್ಳುತ್ತಿದ್ದರು. ಬಿಳಿ ಪಂಚೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮಾತು ಕಡಿಮೆ, ಆಡಿದ ಮಾತು ಗಟ್ಟಿ. ಅವರ ಎದುರು ನನ್ನ ಗಂಡನೇ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ಆ ಕಾರು ತಂದವರು ಮಾವನೇ. ಹೊರಗಿನಿಂದ ನೋಡಿದರೆ ಜೀಪು, ಒಳಗೆ ಕೂತರೆ ಸಣ್ಣ ಕಾರು. ಆಗ ನಮ್ಮ ಕಡೆ ಅಂಥವು ಇನ್ನೂ ಅಪರೂಪ. ಅದು ಬಂದ ಮೂರನೆಯ ತಿಂಗಳಿಗೆ ಒಂದು ಸಂಜೆ ನನ್ನನ್ನು ಕರೆದು, "ಇನ್ನು ಮ್ಯಾಲೆ ಹೊರಗಿನ ಓಡಾಟಕ್ಕೆಲ್ಲ ನೀನೇ ಓಡಿಸ್ಕೊಂಡು ಹೋಗಮ್ಮ" ಎಂದರು. ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಸೊಸೆಯ ಕೈಗೆ ಸ್ಟೇರಿಂಗ್ ಕೊಟ್ಟ ದೊಡ್ಡ ಮನುಷ್ಯ ಎಂದು ಮಾವನಿಗೆ ಹೆಸರು ಬಂತು. ಜೊತೆಗೆ ಒಂದು ಷರತ್ತು ಇತ್ತು, ಅದು ಬೀದಿಯವರಿಗೆ ಗೊತ್ತಿರಲಿಲ್ಲ. "ಗಾಡಿ ಮೈಮ್ಯಾಲೆ ಒಂದೇ ಒಂದು ಗೀರು ಆದ್ರೂ ಕೀ ವಾಪಸ್" ಎಂದಿದ್ದರು.

ಆ ಕೀ ನನಗೆ ಏನಾಗಿತ್ತು ಎಂದು ಈಗ ಹೇಳಿದರೆ ಅತಿಯಾಯಿತು ಅನ್ನಿಸಬಹುದು. ಅದಕ್ಕೂ ಮೊದಲು ನಾನು ತವರಿಗೆ ಹೋಗಬೇಕೆಂದರೂ ಮೊದಲು ಕೇಳಬೇಕು, ಆಮೇಲೆ ಕರೆದುಕೊಂಡು ಹೋಗುವವರಿಗೆ ಪುರುಸೊತ್ತಾಗಬೇಕು, ಆಮೇಲೆ ಬಸ್ಸು ಬರಬೇಕು. ಕೀ ಕೈಗೆ ಬಂದ ಮೇಲೆ ಹೇಳಿ ಹೊರಟರೆ ಮುಗಿಯಿತು. ಇಡೀ ದಿನದಲ್ಲಿ ನಾನು ಯಾರ ಸೊಸೆಯೂ ಯಾರ ತಾಯಿಯೂ ಅಲ್ಲದೆ ಕೂರುತ್ತಿದ್ದುದು ಆ ಸೀಟಿನ ಮೇಲೆ ಮಾತ್ರ. ಅದನ್ನು ಕಳೆದುಕೊಳ್ಳುವ ಭಯ ನನ್ನ ಉಳಿದೆಲ್ಲ ಭಯಗಳಿಗಿಂತ ದೊಡ್ಡದಾಗಿ ಬೆಳೆಯಿತು. ಕಾರು ನಿಲ್ಲಿಸಿದಾಗಲೆಲ್ಲ ಸುತ್ತ ಒಂದು ಸುತ್ತು ಬಂದು ಮೈಯೆಲ್ಲ ನೋಡುತ್ತಿದ್ದೆ.

ಹೆದರಿಕೆಯ ದೆಸೆಯಿಂದಲೇ ಕಾರಿನ ಜೊತೆ ಬಂದ ದಪ್ಪ ಪುಸ್ತಕವನ್ನೂ ಓದಿದೆ. ನಮ್ಮ ಗಂಡಸರು ಯಾರೂ ಅದನ್ನು ಬಿಚ್ಚಿರಲಿಲ್ಲ. ಪಂಕ್ಚರಾದರೆ ಏನು, ಬ್ರೇಕು ಹಿಡಿಯದಿದ್ದರೆ ಏನು, ಗಾಡಿ ಎಲ್ಲಾದರೂ ಹೂತುಕೊಂಡರೆ ಏನು ಎಂದು ಕೆಟ್ಟದ್ದನ್ನೆಲ್ಲ ಹುಡುಕಿ ಓದಿದೆ. ಹೂತುಕೊಂಡ ಗಾಡಿಯನ್ನು ಎಳೆಯಲೆಂದೇ ಒಂದು ಕಬ್ಬಿಣದ ರಿಂಗು ಕೊಟ್ಟಿರುತ್ತಾರೆ. ರಿಂಗಿಗೆ ಒಂದು ಗಟ್ಟಿ ಕಾಲು, ಕಾಲಿನ ತುದಿಗೆ ಬೋಲ್ಟಿನ ಹಾಗೆ ಥ್ರೆಡ್ಡು. ಮುಂದಿನ ಬಂಪರಿನಲ್ಲಿ ಡ್ರೈವರ್ ಕಡೆಗೆ ಬೆಂಕಿಪೊಟ್ಟಣದಷ್ಟು ಒಂದು ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿದರೆ ಒಳಗೆ ತೂತು, ಆ ತೂತಿಗೆ ರಿಂಗನ್ನು ತಿರುಗಿಸಿ ಕೂರಿಸಿ ಹಗ್ಗ ಕಟ್ಟಬೇಕು. ಮುಚ್ಚಳಕ್ಕೂ ಕಾರಿನದೇ ಬಣ್ಣ, ಹಾಗಾಗಿ ಅದು ಅಲ್ಲಿದೆ ಎಂದು ಗೊತ್ತಿದ್ದವರಿಗೂ ಸುಲಭಕ್ಕೆ ಕಾಣುವುದಿಲ್ಲ. ಪಕ್ಕದ ಚಿತ್ರದಲ್ಲಿ ಕಾರಿನ ಹೊಟ್ಟೆಯ ಅಡಿ ಎರಡು ಕೊಕ್ಕೆಗಳಿದ್ದವು. ಅವು ಕಾರನ್ನು ಲಾರಿಯ ಮೇಲೆ ಸಾಗಿಸುವಾಗ ಬಿಗಿಯಲು ಮಾತ್ರ, ಎಳೆಯಲು ಅಲ್ಲ, ಕಿತ್ತು ಬಂದರೆ ಅಪಾಯ ಎಂದು ಬರೆದು ಆ ಚಿತ್ರದ ಮೇಲೆ ದೊಡ್ಡ ಕತ್ತರಿ ಗುರುತು ಹಾಕಿದ್ದರು.

ಕೀ ಬಂದು ಎರಡು ವರ್ಷವಾಗಿತ್ತು, ದಸರೆ ಮುಗಿದು ಒಂದು ವಾರವಾಗಿತ್ತು. ನಾದಿನಿಯ ಮದುವೆಗೆಂದು ಮೊಳಕಾಲ್ಮುರಿನ ಒಂದು ನೇಕಾರರ ಮನೆಯಲ್ಲಿ ರೇಷ್ಮೆ ಸೀರೆಗಳನ್ನು ನೇಯಲು ಹೇಳಿದ್ದೆವು. ತರಲು ಬೆಳಿಗ್ಗೆ ಒಬ್ಬಳೇ ಹೊರಟೆ. ಸೀರೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟ ಮೇಲೆ ನೇಕಾರರು ಸಂಕೋಚದಿಂದ ಒಂದು ಮಾತು ಕೇಳಿದರು. ಅವರ ಹೆಂಡತಿಯ ತವರು ದೇವಸಮುದ್ರದಿಂದಾಚೆಗೆ ಒಂದು ಹಳ್ಳಿ, ಅಲ್ಲಿಗೆ ಬಸ್ಸು ಸಂಜೆಗೇ, ಆಕೆಯನ್ನು ಬಿಟ್ಟು ಬರಲು ಆಗುತ್ತದೆಯೇ ಎಂದು. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಡ್ರೈವಿಂಗ್ ಬರುವ ಹೆಂಗಸು ಎಂಬ ಜಂಬ ನನಗೂ ಇತ್ತಲ್ಲ.

ಆಕೆ ಪಕ್ಕದ ಸೀಟಿನಲ್ಲಿ ಕೂತು, "ಆಡಮನಿಷಿ ಡ್ರೈವಿಂಗಾ, ದೇವುಡಾ!" ಎಂದು, ಹೆಂಗಸು ಗಾಡಿ ಓಡಿಸುವುದಕ್ಕೆ ಬೆರಗಾಗಿ, ತೆಲುಗಿನಲ್ಲಿ ಹೇಳಿ ನಕ್ಕರು. ಮರುಗಳಿಗೆಯೇ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನಕ್ಕೆ ಹೋಗಮ್ಮ, ನಂಗೇನೂ ಅರ್ಜೆಂಟಿಲ್ಲ" ಎಂದು ಕನ್ನಡಕ್ಕೆ ಬಂದರು. ಅವರ ಹಳ್ಳಿಗೆ ಅರ್ಧ ಮೈಲಿ ಮೊದಲು ದಾರಿಗೆ ಅಡ್ಡವಾಗಿ ಒಂದು ಹಳ್ಳ. ನೀರಿಲ್ಲ, ಬರೀ ಮರಳು. ಹೋಗುವಾಗ ಉಸಿರು ಬಿಗಿಹಿಡಿದು ಒಂದೇ ಓಟಕ್ಕೆ ದಾಟಿಸಿದೆ. ಆಕೆಯನ್ನು ಇಳಿಸಿ, ಮಜ್ಜಿಗೆ ಕುಡಿದು, ಹನ್ನೊಂದರ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್ ಹೊರಟೆ.

ಹಳ್ಳದ ನಡುಮಧ್ಯಕ್ಕೆ ಬಂದಿದ್ದೆ. ಎದುರಿನ ದಡದಿಂದ ಒಂದು ಕುರಿಮಂದೆ ಇಳಿಯಿತು. ಬೇರೆ ಯಾರಾಗಿದ್ದರೂ ಹಾರ್ನ್ ಹೊಡೆದುಕೊಂಡು ನುಗ್ಗಿಸುತ್ತಿದ್ದರು, ಕುರಿಗಳು ಬಿಟ್ಟುಕೊಡುತ್ತಿದ್ದವು. ನಾನು ಬ್ರೇಕ್ ಒತ್ತಿ ನಿಂತೆ. ಒಂದು ಮರಿಗೆ ತಾಗಿದರೆ ಏನು ಗತಿ ಎಂದು. ಮಂದೆಯೆಲ್ಲ ಕಾರಿಗೆ ಮೈ ಒರೆಸಿಕೊಂಡು ಹೋಯಿತು, ಕುರಿ ಕಾಯುವವರು ಕೈಯೆತ್ತಿ ನಕ್ಕು ಹೋದರು. ನಾನು ಗೇರು ಹಾಕಿದೆ. ಕಾರು ಕದಲಲಿಲ್ಲ. ಆಕ್ಸಿಲೇಟರ್ ಒತ್ತಿದೆ, ಎಂಜಿನ್ ಕೂಗಿತು, ಮುಂದಿನ ಎರಡು ಚಕ್ರಗಳು ಮರಳನ್ನು ಅಗೆದು ಅಗೆದು ಹಿಂದಕ್ಕೆ ಎಸೆದವು. ಇಳಿದು ನೋಡಿದರೆ ಬಂಪರು ಮರಳಿಗೆ ಒಂದು ಗೇಣಿನಷ್ಟು ಹತ್ತಿರ ಬಂದಿತ್ತು.

ಆಗ ನನಗೆ ಅಳು ಬಂತು. ಯಾರೂ ಇರಲಿಲ್ಲವಲ್ಲ, ಸ್ವಲ್ಪ ಅತ್ತೆ ಕೂಡ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈಯಿಂದಲೇ ಮರಳು ತೋಡಿದೆ. ತೋಡಿದಷ್ಟೂ ಪಕ್ಕದಿಂದ ಜರಿದು ತುಂಬಿಕೊಳ್ಳುತ್ತಿತ್ತು.

ಅರ್ಧ ಗಂಟೆಯಲ್ಲಿ ಶೇಂಗಾ ಬಳ್ಳಿ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವರು ದೇವಸಮುದ್ರದ ಕಡೆಯ ರೈತರೊಬ್ಬರು, ನಡುವಯಸ್ಸು, ತಲೆಗೆ ಟವೆಲ್. ನನ್ನನ್ನೂ ಕಾರನ್ನೂ ನೋಡಿ, ದಡದಲ್ಲಿ ಟ್ರೇಲರ್ ಬಿಚ್ಚಿಟ್ಟು, ಹಗ್ಗ ಹಿಡಿದು ಇಳಿದೇ ಬಂದರು. "ಬಿಡ್ರಿ ಅಕ್ಕಾರೆ, ಒಂದೇ ಎಳ್ತಕ್ಕೆ ಮ್ಯಾಲಕ್ಕೆ ಬರ್ತದೆ" ಎನ್ನುತ್ತ ಹಗ್ಗವನ್ನು ಕಾರಿನ ಮುಂದಿನ ಸ್ಟೀಲ್ ಗಾರ್ಡಿಗೆ ಸುತ್ತತೊಡಗಿದರು.

"ಅದಕ್ಕೆ ಬೇಡ!" ಎಂದು ನಾನು ಕಿರುಚಿದೆ. ಆ ಗಾರ್ಡು ಮಾವ ಚಳ್ಳಕೆರೆಯಲ್ಲಿ ಅಂದಕ್ಕೆಂದು ಹಾಕಿಸಿದ್ದು. ಎಳೆದರೆ ಅದು ಬಂಪರನ್ನೂ ಕಿತ್ತುಕೊಂಡು ಬರುತ್ತದೆಂದು ನನಗೆ ಖಾತ್ರಿಯಿತ್ತು.

ಅವರು ಬೇಸರಿಸಲಿಲ್ಲ. ಅಂಗಾತ ಮಲಗಿ ಅಡಿಗೆ ತೂರಿ, "ಇಲ್ಲಿ ಕೊಕ್ಕೆ ಐತಲ್ರಿ, ಇದ್ಕೇ ಹಾಕ್ತೀನಿ" ಎಂದರು.

"ಅದು ಎಳೆಯೋಕಲ್ಲ ಕಣ್ರೀ. ಪುಸ್ತಕದಲ್ಲಿ ಹಾಕಬಾರದು ಅಂತ ಬರೆದೈತೆ."

ಅವರು ಹೊರಗೆ ಬಂದು ಬೆನ್ನಿನ ಮರಳು ಕೊಡವಿಕೊಂಡು ನನ್ನನ್ನೇ ನೋಡಿದರು. "ಪುಸ್ತಕ ಓದ್ಕಂಡು ಗಾಡಿ ಓಡಿಸ್ತಾರೇನ್ರಿ ಅಕ್ಕಾರೆ?"

ಕೊಕ್ಕೆ ಕಿತ್ತು ಬಂದರೆ ಅದು ಕವಣೆಕಲ್ಲಿನ ಹಾಗೆ ಹಾರಿ ಅವರ ಬೆನ್ನಿಗೇ ಬಡಿಯುತ್ತದೆ ಎಂದು ವಿವರಿಸಿದೆ. ಎಳೆಯಲೆಂದೇ ಬೇರೆ ರಿಂಗಿದೆ ಎಂದ ಮೇಲೆ ಅವರು ಹಗ್ಗ ಕೆಳಗಿಟ್ಟರು. "ಹಂಗಾರೆ ಆ ರಿಂಗ್ ಕೊಡ್ರಿ" ಎಂದರು.

ಡಿಕ್ಕಿ ತೆಗೆದೆ. ಸೀರೆಯ ಗಂಟನ್ನು ಮುಂದಿನ ಸೀಟಿಗೆ ಸಾಗಿಸಿ, ಮ್ಯಾಟ್ ಎತ್ತಿದೆ. ಜಾಕ್ ಇತ್ತು, ವೀಲ್ ಸ್ಪ್ಯಾನರ್ ಇತ್ತು, ಸ್ಕ್ರೂಡ್ರೈವರ್ ಇತ್ತು. ರಿಂಗಿನ ಜಾಗದಲ್ಲಿ ರಿಂಗಿನ ಆಕಾರದ ಗುಳಿ ಮಾತ್ರ ಇತ್ತು, ಅದರೊಳಗೆ ಒಂದು ಚಿಟಿಕೆ ಕುಂಕುಮ ಉದುರಿತ್ತು.

ಕುಂಕುಮ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ನಮ್ಮಲ್ಲಿ ಆಯುಧಪೂಜೆಗೆ ಮನೆಯ, ಮಿಲ್ಲಿನ ಕಬ್ಬಿಣವೆಲ್ಲ ಹೊರಗೆ ಬರುತ್ತದೆ. ತಕ್ಕಡಿ, ಕುಡುಗೋಲು, ಮಿಲ್ಲಿನ ಬೋಲ್ಟು ಬಿಗಿಯುವ ಪಾನಾಗಳು, ಕಾರಿನ ಜಾಕು, ಎಲ್ಲವನ್ನೂ ತೊಳೆದು ಸಾಲಾಗಿಟ್ಟು ವಿಭೂತಿ ಕುಂಕುಮ ಹಚ್ಚುತ್ತೇವೆ. ನಾನೇ ಡಿಕ್ಕಿ ಖಾಲಿ ಮಾಡಿ ಕೊಟ್ಟಿದ್ದೆ. ಮರುದಿನ ಎಲ್ಲವನ್ನೂ ಅವುಗಳ ಜಾಗಕ್ಕೆ ಹಂಚಿದವರು ಮಾವ. ನಾನು ಮತ್ತೆ ಡಿಕ್ಕಿಯ ಅಡಿ ನೋಡಲಿಲ್ಲ. ಗ್ಯಾಸನ್ನು ಮೂರು ಸಲ ನೋಡುವವಳು ಇದನ್ನು ಒಂದು ಸಲವೂ ನೋಡಲಿಲ್ಲ.

ರೈತರು ಪೂರ್ವಕ್ಕೆ, ರಾಯದುರ್ಗದ ಕಡೆಗೆ ಕೈ ತೋರಿಸಿದರು. ಅಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. "ಮ್ಯಾಲೆ ಮಳೆ ಆದ್ರೆ ಹಳ್ಳಕ್ಕೆ ನೀರು ಬರಾಕೆ ಹೊತ್ತು ಹಿಡಿಯಂಗಿಲ್ಲ. ನಂದು ಇನ್ನೂ ಎರಡು ಲೋಡ್ ಐತೆ. ಮುಗಿಸ್ಕೊಂಡು ಇದೇ ದಾರಿಗೆ ಬರ್ತೀನಿ. ಅಷ್ಟರಾಗೆ ರಿಂಗ್ ತರಿಸ್ಕೊಳ್ರಿ. ಇಲ್ಲಾಂದ್ರೆ ಕೊಕ್ಕೆಗೇ ಹಾಕಿ ಎಳೆಯೋದೇ" ಎಂದು ಹೇಳಿ ಹೊರಟುಹೋದರು.

ಮೊಬೈಲು ಬಂದಿತ್ತು, ಸಿಗ್ನಲ್ ಇನ್ನೂ ಆ ಕಡೆಗೆ ಬಂದಿರಲಿಲ್ಲ. ದಡದ ಮೇಲಿನ ಗುಂಡುಕಲ್ಲು ಹತ್ತಿ ತುದಿಯಲ್ಲಿ ನಿಂತಾಗ ಒಂದು ಗೆರೆ ಮೂಡಿತು. ಮಿಲ್ಲಿಗೆ ಫೋನ್ ಹಚ್ಚಿದೆ. ಮಾವನೇ ಎತ್ತಿದರು. ದೇವಸಮುದ್ರದಾಚೆಯ ಹಳ್ಳದಲ್ಲಿ ಗಾಡಿ ಹೂತಿದೆ ಎಂದೆ.

"ಗಾಡಿಗೆ ಏನಾರ ಆತಾ?" ಎಂದು ಮೊದಲು ಕೇಳಿದರು. ಇಲ್ಲ ಎಂದೆ. "ನಿನಗೆ?" ಎಂದು ಆಮೇಲೆ ಕೇಳಿದರು. ರಿಂಗಿನ ವಿಷಯ ಹೇಳಿದೆ. "ಅದು ಮಿಲ್ಲಿಂದು ಅಂದ್ಕಂಡು ಮಿಲ್ಲಿನ ಪೆಟ್ಟಿಗೆಗೆ ಹಾಕ್ದೆ. ಅಲ್ಲೇ ಇರು. ಗಾಡೀನ ಯಾರ ಕೈಲೂ ಮುಟ್ಟಿಸ್ಬ್ಯಾಡ. ನಾನೇ ಬರ್ತೀನಿ" ಎಂದು ಫೋನ್ ಇಟ್ಟರು.

ನಾನೇ ಬರ್ತೀನಿ ಎಂಬ ಮಾತನ್ನು ನಾನು ಎಣಿಸಿರಲಿಲ್ಲ. ರಿಂಗನ್ನು ಯಾರ ಕೈಲಾದರೂ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರೇ ಬರುತ್ತಾರೆ ಎಂದರೆ ನೋಡಲು ಬರುತ್ತಾರೆ, ನೋಡಿದರೆ ಕೀ ಹೋಯಿತು ಎಂದೇ ಲೆಕ್ಕ. ಕಾರನ್ನು ಸುತ್ತಿ ಸುತ್ತಿ ನೋಡಿದೆ. ಧೂಳು, ಮರಳು, ಕುರಿಯ ಉಣ್ಣೆ ಅಂಟಿತ್ತು. ಗೀರು ಇರಲಿಲ್ಲ. ಸೆರಗಿನಿಂದ ಒರೆಸಲು ಹೋಗಿ, ಮರಳಿನ ಮೇಲೆ ಒರೆಸಿದರೇ ಗೀರಾಗುತ್ತದೆ ಎಂದು ಹೊಳೆದು ಕೈ ಹಿಂದಕ್ಕೆ ತೆಗೆದೆ.

ಕಾಯುವುದು ಎಂದರೆ ಏನೆಂದು ಅವತ್ತು ಗೊತ್ತಾಯಿತು. ಹನ್ನೆರಡಾಯಿತು, ಒಂದಾಯಿತು. ಮೋಡ ನೋಡುವುದು, ಹಳ್ಳದ ಮೇಲ್ಭಾಗದ ತಿರುವು ನೋಡುವುದು, ಗಡಿಯಾರ ನೋಡುವುದು. ಎಲ್ಲೋ ಗಾಳಿಗೆ ಜಾಲಿಗಿಡ ಸುಯ್ಯೆಂದರೆ ನೀರು ಬಂತೆಂದು ಎದ್ದು ನಿಲ್ಲುತ್ತಿದ್ದೆ. ಸೀರೆಯ ಗಂಟನ್ನು ಒಂದು ಸಲ ದಡಕ್ಕೆ ಹೊತ್ತೆ. ಅಲ್ಲಿ ಮಳೆ ಬಂದರೆ ನೆನೆಯುತ್ತದೆಂದು ಮತ್ತೆ ಕಾರಿಗೆ ತಂದೆ. ನೀರು ಬಂದರೆ ಕಾರಿನೊಡನೆ ಹೋಗುತ್ತದೆಂದು ಮತ್ತೆ ದಡಕ್ಕೆ ಹೊತ್ತೆ. ಯಾರಾದರೂ ದೂರದಿಂದ ನೋಡಿದ್ದರೆ ನನಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು.

ಎರಡೂವರೆಯ ಸುಮಾರಿಗೆ ಟ್ರ್ಯಾಕ್ಟರ್ ಸದ್ದು ಕೇಳಿತು. ರೈತರ ಪಕ್ಕದಲ್ಲಿ, ಚಕ್ರದ ಮಡ್‌ಗಾರ್ಡಿನ ಮೇಲೆ, ಬಿಳಿ ಪಂಚೆಯ ಮಾವ ಕೂತಿದ್ದರು. ಮೊಳಕಾಲ್ಮುರಿಗೊಂದು ಬಸ್ಸು, ಅಲ್ಲಿಂದ ದೇವಸಮುದ್ರಕ್ಕೊಂದು ಬಸ್ಸು ಹಿಡಿದು ಬಂದು, ಹಳ್ಳದಲ್ಲಿ ಹೂತ ಕಾರು ಎಲ್ಲಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರಂತೆ. ಇದೇ ರೈತರು ಸಿಕ್ಕಿ ಹತ್ತಿಸಿಕೊಂಡು ಬಂದರಂತೆ. ಮಿಲ್ಲಿನಲ್ಲಿ ಬೇರೊಂದು ಜೀಪು ಇದ್ದರೂ ಎರಡು ಬಸ್ಸು ಹಿಡಿದು ಏಕೆ ಬಂದರು ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಕೇಳುವ ಧೈರ್ಯವಿರಲಿಲ್ಲ.

ಮಾವ ಕೆಳಗಿಳಿದು ಹೆಗಲ ಮೇಲಿನ ಟವೆಲಿನ ಗಂಟು ಬಿಚ್ಚಿ ರಿಂಗು ತೆಗೆದರು. ನನ್ನನ್ನು ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. "ಎಲ್ಲಿ ಹಾಕೋದು ಇದನ್ನ?" ಎಂದರು.

"ಮುಂದಿನ ಬಂಪರಿನಾಗೆ ಮಾವ. ಬಲಗಡೆ ಒಂದು ಮುಚ್ಚಳ ಐತೆ, ಅದನ್ನ ಎಬ್ಬಿಸ್ಬೇಕು. ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಕೊಡ್ತೀನಿ ತಡೀರಿ."

ಅವರು ತಡೆಯಲಿಲ್ಲ. ಸೊಸೆಯ ಕೈಲಿ ರಿಪೇರಿ ಮಾಡಿಸಿದರು ಎಂದು ಪರ ಊರಿನವರ ಎದುರು ಆಗಬಾರದಲ್ಲ. ಸ್ಕ್ರೂಡ್ರೈವರ್ ಇಸಿದುಕೊಂಡು, ಪಂಚೆ ಮೇಲಕ್ಕೆ ಕಟ್ಟಿ ಕಾರಿನ ಎದುರು ಮಂಡಿಯೂರಿದರು. ಕಾರಿಗೆ ಮುಖ ಮಾಡಿ ಕೂತವರಿಗೆ ತಮ್ಮ ಬಲ ಕಾರಿನ ಎಡವಾಗುತ್ತದೆ. ಆ ಕಡೆಯೇ ಬಂಪರಿನ ಒಂದು ಗೆರೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಅದು ಜಾರಿತು. ಇನ್ನೊಂದು ಸಲ ಮೀಟಿದರು, ಮತ್ತೆ ಜಾರಿತು. ಕರ್ ಎಂಬ ಸದ್ದು ನನ್ನ ಹಲ್ಲಿಗೆ ಬಂದು ತಾಗಿತು.

"ಆ ಕಡೆ ಅಲ್ಲ ಮಾವ, ಈ ಕಡೆ. ಸ್ಟೇರಿಂಗ್ ಕಡೆ."

ಈ ಕಡೆ ಸರಿದರು. ನಾನು ಬೆರಳು ಮಾಡಿ ತೋರಿಸಿದೆ. ನನ್ನ ಬೆರಳಿನಿಂದ ಮುಚ್ಚಳಕ್ಕೆ ಅರ್ಧ ಅಡಿಯೂ ಇರಲಿಲ್ಲ. ಮುಚ್ಚಳದ ನಾಲ್ಕೂ ಅಂಚಿಗೆ ಧೂಳು ಕೂತು ಚೌಕ ಎದ್ದು ಕಾಣುತ್ತಿತ್ತು. ಮಾವನ ಕೈ ಅದರ ಮೇಲೆಯೇ ಹಾದು ಮುಂದಕ್ಕೆ ಹೋಗಿ ಲೈಟಿನ ಹತ್ತಿರ ತಡಕಾಡಿತು. ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಮುಖವನ್ನು ಬಂಪರಿಗೆ ಮೂಗು ತಾಗುವಷ್ಟು ಹತ್ತಿರ ತಂದರು. "ಎಲ್ಲಿ ಐತೆ?" ಎಂದರು. ಆ ದನಿಯಲ್ಲಿ ಗತ್ತು ಇರಲಿಲ್ಲ. ನನಗೆ ಬಹಳ ಚೆನ್ನಾಗಿ ಗೊತ್ತಿರುವ ಹೆದರಿಕೆ ಇತ್ತು.

ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ಅವರ ಪಾದವನ್ನು ಬಿಟ್ಟು ಬೇರೆ ಏನನ್ನೂ ಮುಟ್ಟಿದವಳಲ್ಲ. ಚಹಾ ಲೋಟವನ್ನು ಕೂಡ ಟೀಪಾಯಿಯ ಮೇಲೆ ಇಟ್ಟು ಸರಿಯುವುದು ನಮ್ಮ ಮನೆಯ ಪದ್ಧತಿ. ಅವತ್ತು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರ ಮಣಿಕಟ್ಟು ಹಿಡಿದು, ತೋರುಬೆರಳನ್ನು ಮುಚ್ಚಳದ ಅಂಚಿನ ಸಣ್ಣ ಕಚ್ಚಿನ ಮೇಲೆ ಇಟ್ಟೆ. ಅವರು ಕೈ ಎಳೆದುಕೊಳ್ಳಲಿಲ್ಲ. ಬೆರಳು ಆ ಕಚ್ಚನ್ನು ಒಂದು ಸಲ ಸವರಿತು.

ರೈತರು ಬಾಗಿ ನೋಡುತ್ತಿದ್ದರು. "ಹಾಳು ಧೂಳು, ಯಾರ ಕಣ್ಣಿಗೂ ಕಾಣಲ್ಲ" ಎಂದು ನಾನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಮಾವ ನನ್ನ ಕಡೆ ತಿರುಗಿದರು. ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಯಿತು.

ಉಳಿದದ್ದು ಪುಸ್ತಕದಲ್ಲಿದ್ದಂತೆಯೇ ನಡೆಯಿತು. ತುದಿಗೆ ಬಟ್ಟೆ ಸುತ್ತಿ ಮೀಟಿದಾಗ ಮುಚ್ಚಳ ಟಕ್ಕೆಂದು ಬಿಟ್ಟಿತು. ರಿಂಗನ್ನು ಮಾವ ಕೈಯಿಂದ ತಿರುಗಿಸಿ ಕೂರಿಸಿದರು, ಥ್ರೆಡ್ಡಿಗೆ ಕಣ್ಣು ಬೇಕಾಗಿರಲಿಲ್ಲ. ವೀಲ್ ಸ್ಪ್ಯಾನರಿನ ಹಿಡಿಯನ್ನು ರಿಂಗಿನೊಳಗೆ ತೂರಿಸಿ ಇನ್ನು ತಿರುಗದು ಎನ್ನುವವರೆಗೆ ಬಿಗಿದರು. ಗಾರ್ಡಿನ ಕಂಬಿ ಅಡ್ಡ ಬರುತ್ತಿದ್ದುದರಿಂದ ಸ್ಪ್ಯಾನರನ್ನು ಕಾಲು ಸುತ್ತಿಗೊಮ್ಮೆ ತೆಗೆದು ಹಾಕಬೇಕಾಯಿತು. ಹಗ್ಗ ಕಟ್ಟಿದ ಮೇಲೆ ನಾನು ಇಬ್ಬರಿಗೂ ಹೇಳಿದೆ. "ಹಗ್ಗದ ಹತ್ರ ಯಾರೂ ನಿಲ್ಲಂಗಿಲ್ಲ. ಮೊದ್ಲು ನಿಧಾನಕ್ಕೆ ಹಗ್ಗ ಬಿಗಿ ಮಾಡ್ರಿ, ಜಗ್ ಅಂತ ಎಳೀಬ್ಯಾಡ್ರಿ. ನಾನು ಕೈ ತೋರಿಸಿದ ಮ್ಯಾಲೆ ಎಳೀರಿ."

"ಆತು ಬಿಡ್ರಿ ಅಕ್ಕಾರೆ, ಪುಸ್ತಕ ಹೇಳ್ದಂಗೇ ಮಾಡಾಣ" ಎಂದು ರೈತರು ನಕ್ಕರು.

ಮಾವ ದಡಕ್ಕೆ ಹೋಗಿ ದೂರ ನಿಂತರು. ನಾನು ಸೀಟಿನಲ್ಲಿ ಕೂತು, ಎಂಜಿನ್ ಹಚ್ಚಿ, ಸ್ಟೇರಿಂಗ್ ನೇರ ಹಿಡಿದು, ಒಂದನೆಯ ಗೇರಿಗೆ ಹಾಕಿ ಕಿಟಕಿಯಿಂದ ಕೈ ಹೊರಗೆ ಚಾಚಿದೆ. ಹಗ್ಗ ಮರಳಿನಿಂದ ಎದ್ದು ನೆಟ್ಟಗಾಯಿತು. ಎಲ್ಲೋ ಕಿರ್ ಎಂದಿತು, ನಾನು ಕಣ್ಣು ಮುಚ್ಚಿದೆ. ಮುಚ್ಚಬಾರದು ಎಂದು ನೆನಪಾಗಿ ತೆರೆದಾಗ ಕಾರು ತೆವಳುತ್ತಿತ್ತು. ಚಕ್ರಗಳಿಗೆ ಗಟ್ಟಿ ನೆಲ ಸಿಕ್ಕಿ ಮುಂದಕ್ಕೆ ನುಗ್ಗಿತು. ದಡದ ಮೇಲೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಮೋಡ ಆಂಧ್ರದ ಕಡೆಗೇ ಹೋಯಿತು. ಅವತ್ತು ಆ ಹಳ್ಳಕ್ಕೆ ಒಂದು ಹನಿ ನೀರೂ ಬರಲಿಲ್ಲ.

ದಡದಲ್ಲಿದ್ದ ಸೀರೆಯ ಗಂಟನ್ನು ಹಾಕಿಕೊಂಡು, ರೈತರಿಗೆ ಕೈಮುಗಿದು ಹೊರಟೆವು. ಹೊರಡುವ ಮೊದಲು, ಅವರ ಷರತ್ತು ನೆನೆದು, ಕೀಯನ್ನು ಮಾವನ ಮುಂದೆ ಹಿಡಿದೆ, ಅವರು ಅದನ್ನು ಮುಟ್ಟದೆ ಪಕ್ಕದ ಬಾಗಿಲು ತೆಗೆದು ಕೂತರು. ಮೊಳಕಾಲ್ಮುರು ದಾಟಿದೆವು.

"ಎಷ್ಟು ದಿನದಿಂದ ಮಾವ?" ಎಂದೆ.

"ಎರಡು ವರ್ಷದ ಮ್ಯಾಲಾತು. ಪೊರೆ ಅಂತ ಕಾಣ್ತದೆ. ಎದುರಿಗೆ ಲಾರಿ ಬಂದ್ರೆ ಕಾಣ್ತದೆ. ಅದ್ರ ಪಕ್ಕದಾಗೆ ಸೈಕಲ್ ಬಂದ್ರೆ ಕಾಣಂಗಿಲ್ಲ."

ಎರಡು ವರ್ಷ. ನನಗೆ ಕೀ ಕೊಟ್ಟೂ ಎರಡು ವರ್ಷ. ದೊಡ್ಡ ಮನಸ್ಸಿನಿಂದ ಕೊಟ್ಟದ್ದೆಂದು ನಾನು ಎಷ್ಟು ಜನರ ಎದುರು ಹೊಗಳಿದ್ದೆ! ಒಂದು ಗೀರಿಗೆ ಹೋಗುತ್ತದೆ ಎಂದು ಎಷ್ಟು ಹಗಲು ಕಾರಿನ ಸುತ್ತ ಸುತ್ತಿದ್ದೆ! ಅವರಿಗೆ ಗೀರು ಕಾಣುತ್ತಲೇ ಇರಲಿಲ್ಲ. ನಗಬೇಕೆನ್ನುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಕಾರನ್ನು ಹಾಗೇ ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ.

"ಹೋದ ತಿಂಗಳು ಮಳೆ ಬಂದಾಗ ನನ್ನ ಮಗಳನ್ನ ಇದೇ ಗಾಡೀಲಿ ಶಾಲೆಯಿಂದ ಕರ್ಕೊಂಡು ಬಂದ್ರಲ್ಲ ಮಾವ."

ಅವರು ತಲೆ ತಗ್ಗಿಸಿದರು. "ಅವತ್ತು ನೀನು ಗಾಡಿ ಇಲ್ಲೇ ಬಿಟ್ಟು ಗಂಡನ ಜೊತೆ ದಾವಣಗೆರೆಗೆ ಹೋಗಿದ್ದೆ. ಕೂಸು ಗೇಟಿನ ಹತ್ರ ಅಳ್ತಾ ನಿಂತೈತೆ ಅಂತ ಫೋನ್ ಬಂತು. ಒಂದನೇ ಗೇರಿನಾಗೇ ಬಂದೆ."

ಮೈಯೆಲ್ಲ ಉರಿಯಿತು. ಜೀವನದಲ್ಲಿ ಅವರೆದುರು ಎತ್ತದ ದನಿ ಎತ್ತಿದೆ. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಒಂದೇ ಒಂದು ನೆನಪಿದೆ. "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗ್ತೀವಿ. ಇಲ್ಲಾಂದ್ರೆ ಇವತ್ತೇ ಎಲ್ರಿಗೂ ಹೇಳ್ತೀನಿ."

ಆಗ ಮಾವ ಹೇಳಿದರು. "ಕಣ್ಣು ಹೋತು ಅಂತ ಗೊತ್ತಾದ್ರೆ ಮಂಡಿಯಾಗೆ ಶೇಂಗಾ ಕಾಳು ನೋಡಿ ದರ ಹೇಳಾಕೆ ನನ್ನ ಯಾರಮ್ಮ ಕರೀತಾರೆ? ಕೈಯಾಗೆ ತಿಕ್ಕಿ, ಮೂಸಿ ನೋಡಿ, ಹೆಂಗೋ ಸಂಭಾಳಿಸ್ತಿದ್ದೆ. ಕಣ್ಣಿಗೆ ಕತ್ತಿ ಹಾಕ್ತಾರೆ ಅಂದ್ರೆ ಅದೊಂದು ಹೆದ್ರಿಕೆ." ಆಮೇಲೆ, "ನೀನೇ ಕರ್ಕೊಂಡು ಹೋಗು. ಆಪರೇಷನ್ ಆಗೋವರೆಗೆ ಯಾರಿಗೂ ಹೇಳಬ್ಯಾಡ" ಎಂದರು. ಊರೇ ಹೆದರುವ ಮನುಷ್ಯ ನನ್ನ ಹಾಗೇ ಪ್ರತಿ ಹೆಜ್ಜೆಗೂ ಹೆದರಿಕೊಂಡು ಎರಡು ವರ್ಷ ಕಳೆದಿದ್ದರು. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಪಕ್ಕಕ್ಕೆ ಸಂಕಟವೂ ಬಂದು ಕೂತಿತು.

ದಾವಣಗೆರೆಯಲ್ಲಿ ಮೊದಲು ಒಂದು ಕಣ್ಣು, ಎರಡು ತಿಂಗಳ ಮೇಲೆ ಇನ್ನೊಂದು ಕಣ್ಣು ಆಪರೇಷನ್ ಆಯಿತು. ಕರಿ ಕನ್ನಡಕದ ದಿನಗಳು ಮುಗಿದು ಬಿಳಿ ಕನ್ನಡಕ ಬಂತು. ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ಮಾವ ಪಡಸಾಲೆಯ ಈ ತುದಿಯಿಂದ ಗಟ್ಟಿಯಾಗಿ ಓದಿದ ದಿನ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಬೇರೆ ಲೆಕ್ಕ ನಡೆದಿತ್ತು. ಕಣ್ಣಿಲ್ಲದ್ದಕ್ಕೆ ನನಗೆ ಕೀ ಸಿಕ್ಕಿತ್ತು, ಈಗ ಕಣ್ಣು ಬಂತು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದು ಮಾವ ಕೈ ಚಾಚಿದರು. "ಕೀ ಕೊಡಮ್ಮ. ಮಿಲ್ಲಿನತಂಕ ಹೋಗಿ ಬರ್ತೀನಿ."

ಕೊಟ್ಟೆ. ಕೊಡುವಾಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಅವರು ಕಾರನ್ನು ಹೊಸದಾಗಿ ನೋಡುವವರ ಹಾಗೆ ಸುತ್ತ ಬಂದರು. ಮುಂದಿನ ಬಂಪರಿನ ಹತ್ತಿರ ನಿಂತು ಬಾಗಿದರು. ಎಡಗಡೆ, ಮುಚ್ಚಳವೇ ಇಲ್ಲದ ಜಾಗದಲ್ಲಿ, ಬಣ್ಣ ಎದ್ದು ಎರಡು ಉದ್ದ ಗೀರುಗಳಿದ್ದವು.

"ಇದು ಯಾವಾಗ ಆತು? ಯಾರು ಮಾಡಿದ್ದು?" ದನಿಯಲ್ಲಿ ಹಳೆಯ ಗತ್ತು ಪೂರ್ತಿ ವಾಪಸ್ ಬಂದಿತ್ತು.

ಸುಳ್ಳು ಹೇಳಬಹುದಿತ್ತು. "ಹಳ್ಳದಾಗೆ, ನೀವೇ ಮಾವ" ಎಂದೆ.

ಅವರು ನೆಟ್ಟಗಾಗಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಗೀರನ್ನು ತಿಕ್ಕಿದರು, ಅದು ಹೋಗಲಿಲ್ಲ. ಆಮೇಲೆ ಎದ್ದು, ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಎರಡು ವರ್ಷದಿಂದ ನನ್ನ ಮುಖವನ್ನು ಅವರು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು.

"ಇವತ್ತು ಸಂತೆ, ಬೀದಿ ತುಂಬ ಜನ ಇರ್ತಾರೆ. ನೀನೇ ಓಡಿಸು" ಎಂದು ಕೀಯನ್ನು ನನ್ನ ಅಂಗೈ ಮೇಲೆ ಇಟ್ಟು, ಆ ಕಡೆಯ ಬಾಗಿಲಿಗೆ ಹೋದರು. ಕಣ್ಣು ಕಾಣದೆ ಕೊಟ್ಟಿದ್ದನ್ನು ಅವತ್ತು ಕಂಡು ಕೊಟ್ಟರು. ನಾನು ಸೀಟಿನಲ್ಲಿ ಕೂತು ಕೀ ತಿರುಗಿಸಿದೆ, ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು.